ಮಲೆನಾಡಿನ ಕತ್ತಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡಿರುವ ಒಂಟಿಮನೆ. ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಹಳ್ಳ, ಹಳ್ಳದಾಚೆ ಕಾನು. ಚಳಿಗಾಲದಲ್ಲಿ ಅಮಾವಾಸ್ಯೆಯ ಆಸುಪಾಸು ಶಾಲೆ ಮಕ್ಕಳು, ನೆಂಟರಿಷ್ಟರು ಬಂದರೆ ಅಂಗಳದಲ್ಲಿ ಕೂರಿಸಿ ಚುಕ್ಕಿ ತೋರಿಸುತ್ತೇನೆ, ರಾತ್ರಿಯ ಕತ್ತಲು ಉಳಿಸಿ ಅನ್ನುತ್ತೇನೆ. ಹಾಗೆ ಬಂದವರು, ಹೋಂಸ್ಟೇ ನಡೆಸುವವರು, ಪಂಚಾಯಿತಿ ಸದಸ್ಯರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಕೆಲವನ್ನು ಜಗಳದ ದನಿಯಲ್ಲೇ ಕೇಳಿದ್ದಾರೆ. ಅವನ್ನೂ ಬಿಟ್ಟಿಲ್ಲ.

ಕತ್ತಲು ಉಳಿಸಿ ಅಂದ್ರೆ ದೀಪ ಹಾಕಬೇಡಿ ಅಂತಲಾ?

ಅಲ್ಲ. ಹಾಕಿ. ನಮ್ಮಜ್ಜಿ ಬುಡ್ಡಿದೀಪದ ಬೆಳಕಲ್ಲಿ ಕೊಟ್ಟಿಗೆಗೆ ಹೋಗಿ ಎರಡು ಸಲ ಜಾರಿ ಬಿದ್ದವರು. ಕತ್ತಲು ಬಹಳ ಚೆಂದ ಅಂತ ಅವರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ.

ಕೇಳುವುದು ಇಷ್ಟೇ: ಬೆಳಕು ಬೇಕಾದ ಕಡೆ ಬೀಳಲಿ, ಬೇಕಾದಷ್ಟೇ ಇರಲಿ, ಬೇಕಾದಷ್ಟು ಹೊತ್ತೇ ಉರಿಯಲಿ. ಉಳಿದದ್ದು ಆಕಾಶಕ್ಕೋ ಎದುರು ಗುಡ್ಡಕ್ಕೋ ಪಕ್ಕದ ಮನೆ ಕಿಟಕಿಗೋ ಹೋಗುತ್ತದಲ್ಲ, ಅದಕ್ಕೆ ಬೆಳಕಿನ ಮಾಲಿನ್ಯ ಅನ್ನುತ್ತಾರೆ. ಅದಕ್ಕೂ ಕರೆಂಟ್ ಬಿಲ್ ಕಟ್ಟುವವರು ನಾವೇ.

ಇದು ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಅಡಿಕೆ ಕದಿಯುವವರ ಸುದ್ದಿ ಜೋರಾಗಿದ್ದ ವರ್ಷ 50 ವಾಟಿನ ಫೋಕಸ್ ಲೈಟ್ ತಂದು ಅಟ್ಟದ ತುದಿಗೆ ಸಿಕ್ಕಿಸಿದೆ. ಅಂಗಳ ಹಗಲಾಯಿತು. ಮೂರನೇ ದಿನ ಹಳ್ಳದಾಚೆ ಮನೆಯವರ ಫೋನು: 'ಮಾರಾಯಾ, ನಿಮ್ಮನೆ ಲೈಟು ನಮ್ಮ ಮಲಗೋ ಕೋಣೆ ಗೋಡೆ ಮೇಲೆ ಕೂತಿದೆ. ಕ್ಯಾಲೆಂಡರ್ ಓದಬಹುದು.' ಅವರ ಮನೆಗೂ ನಮ್ಮ ಮನೆಗೂ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ದೂರ.

ಸುತ್ತ ಇಷ್ಟು ಕಾಡಿದೆ. ಇಲ್ಲಿ ಎಂಥ ಬೆಳಕಿನ ಮಾಲಿನ್ಯ?

ಬಯಲುಸೀಮೆಯಲ್ಲಿ ಊರು ಒಂದೇ ಕಡೆ ಗುಂಪಾಗಿರುತ್ತದೆ. ಅಲ್ಲಿನ ದೀಪವೂ ಅಲ್ಲೇ ಗುಂಪಾಗಿರುತ್ತದೆ. ನಮ್ಮಲ್ಲಿ ಹಾಗಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೆರಡು. ಇಳಿಜಾರಿನ ಮೇಲೆ ಅಡ್ಡಕ್ಕೆ ಮುಖ ಮಾಡಿದ ಒಂದು ಫೋಕಸ್ ಲೈಟ್ ಇದ್ದರೆ ಎದುರಿನ ಕಾಡು ಪೂರ್ತಿ ಬೆಳಗುತ್ತದೆ. ಬಯಲಲ್ಲಿ ಅದೇ ದೀಪ ನಾಲ್ಕು ಗೋಡೆಗೆ ತಾಗಿ ನಿಲ್ಲುತ್ತಿತ್ತು. ಹಾಗಾಗಿ ಮಲೆನಾಡಲ್ಲಿ ದೀಪ ಕಡಿಮೆ ಇದ್ದರೂ ಒಂದೊಂದರ ಕೈ ಉದ್ದ.

ಇದರ ಮೇಲೆ ದೂರದ ಊರುಗಳ ಹೊಳಪು. ದೊಡ್ಡ ಊರಿನ ಬೆಳಕು ಗಾಳಿಯ ಧೂಳು, ತೇವಕ್ಕೆ ತಾಗಿ ಚದುರಿ ಹತ್ತಾರು ಕಿಲೋಮೀಟರ್ ಆಚೆಗೂ ದಿಗಂತದಲ್ಲಿ ಮಂಜಿನ ಗುಮ್ಮಟದ ಹಾಗೆ ಕಾಣುತ್ತದೆ. ನಮ್ಮ ಗುಡ್ಡದ ನೆತ್ತಿಗೆ ಹತ್ತಿದರೆ ಪೂರ್ವಕ್ಕೆ ಶಿವಮೊಗ್ಗ, ಭದ್ರಾವತಿ ಕಡೆಯ ಹೊಳಪು, ಪಶ್ಚಿಮಕ್ಕೆ ಕರಾವಳಿಯದು. ನಡುವಿನ ಆಕಾಶ ಇನ್ನೂ ನಮ್ಮದು.

2016ರಲ್ಲಿ ಪ್ರಕಟವಾದ ಜಗತ್ತಿನ ರಾತ್ರಿ ಬೆಳಕಿನ ನಕ್ಷೆಯ ಪ್ರಕಾರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಆಕಾಶಗಂಗೆ ಕಾಣುವುದೇ ಇಲ್ಲ. 2011ರಿಂದ 2022ರವರೆಗೆ ಜನಸಾಮಾನ್ಯರೇ ಚುಕ್ಕಿ ನೋಡಿ ಕೊಟ್ಟ ವರದಿಗಳನ್ನು ಲೆಕ್ಕ ಹಾಕಿದಾಗ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ 9.6 ಶೇಕಡಾ ಏರಿತ್ತು. ಅಂದರೆ ಎಂಟು ವರ್ಷದೊಳಗೆ ದುಪ್ಪಟ್ಟು. ಆ ವರದಿಗಳಲ್ಲಿ ಹೆಚ್ಚಿನವು ಯುರೋಪ್, ಉತ್ತರ ಅಮೆರಿಕದವು. ಅದನ್ನು ನೇರವಾಗಿ ನಮ್ಮ ಕಣಿವೆಗೆ ತಂದು ಕೂರಿಸಲು ಆಗುವುದಿಲ್ಲ. ಆದರೆ ಹತ್ತು ವರ್ಷದ ಹಿಂದೆ ನಮ್ಮ ಅಂಗಳದಿಂದ ಕಾಣುತ್ತಿದ್ದ ದೀಪಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಈಗ ಎಣಿಸಲು ಹೋಗುವುದಿಲ್ಲ.

ನಮ್ಮೂರ ಆಕಾಶ ಎಷ್ಟು ಕತ್ತಲಾಗಿದೆ ಅಂತ ತಿಳಿಯೋದು ಹೇಗೆ?

ಉಪಕರಣ ಏನೂ ಬೇಡ, ಕೃತ್ತಿಕೆ ಸಾಕು. ಡಿಸೆಂಬರ್, ಜನವರಿಯ ರಾತ್ರಿ ತಲೆ ಮೇಲೆ ಪುಟ್ಟ ಗೊಂಚಲಿನ ಹಾಗೆ ಇರುತ್ತದೆ. ಪುರಾಣದಲ್ಲಿ ಕೃತ್ತಿಕೆಯರು ಆರು ಜನ. ಒಳ್ಳೆ ಕಣ್ಣು, ಒಳ್ಳೆ ಕತ್ತಲು ಇದ್ದರೆ ಆರು ಸುಲಭ, ಇನ್ನೂ ಒಂದೆರಡು ಸಿಕ್ಕರೂ ಸಿಕ್ಕಬಹುದು. ಪೇಟೆಯಲ್ಲಿ ಮೂರೋ ನಾಲ್ಕೋ, ಇಲ್ಲವೇ ಬರೀ ಒಂದು ಮಸುಕು ಕಲೆ.

ಎಣಿಸುವ ಮೊದಲು 20ರಿಂದ 30 ನಿಮಿಷ ಕತ್ತಲಲ್ಲಿ ಕೂರಬೇಕು. ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕು. ನಡುವೆ ಯಾರಾದರೂ ವಾಟ್ಸಾಪ್ ತೆಗೆದರೆ ಮತ್ತೆ ಮೊದಲಿಂದ. (ಪ್ರತಿ ಸಲವೂ ಒಬ್ಬರು ತೆಗೆದೇ ತೆಗೆಯುತ್ತಾರೆ.)

ಇನ್ನೂ ಪಕ್ಕಾ ಲೆಕ್ಕ ಬೇಕಿದ್ದವರಿಗೆ ಬಾರ್ಟಲ್ ಮಾಪಕ ಇದೆ. ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ ವೀಕ್ಷಕರು 2001ರಲ್ಲಿ ಮಾಡಿದ್ದು. 1 ಅಂದರೆ ಅಪ್ಪಟ ಕತ್ತಲು, 9 ಅಂದರೆ ಮಹಾನಗರದ ನಡುಮಧ್ಯ. ನವೆಂಬರ್ ರಾತ್ರಿ 9ರ ಸುಮಾರಿಗೆ ನೆತ್ತಿಯ ಹತ್ತಿರ ಆಂಡ್ರೊಮೆಡಾ ಗ್ಯಾಲಕ್ಸಿ ಬರಿಗಣ್ಣಿಗೆ ಸಲೀಸಾಗಿ ಕಂಡರೆ ನಿಮ್ಮೂರು ಇನ್ನೂ ಚೆನ್ನಾಗಿದೆ. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ. ಅಂಗಳದ ಬಲ್ಬಿನಿಂದಾಗಿ ಕೊನೇ ಗಳಿಗೆಯಲ್ಲಿ ಅದು ಕಾಣದೆ ಹೋಗುತ್ತದೆ ಅಂದರೆ ನನಗೆ ಸ್ವಲ್ಪ ಬೇಜಾರು.

ನಾಲ್ಕು ತಿಂಗಳು ಮೋಡ. ಮಲೆನಾಡಲ್ಲಿ ಚುಕ್ಕಿ ಕಾಣೋದಾದ್ರೂ ಯಾವಾಗ?

ಮಳೆಗಾಲ ಬಿಟ್ಟುಬಿಡಿ. ಆಗಸ್ಟ್ 12ರ ಸುಮಾರಿನ ಉಲ್ಕಾಪಾತದ ಬಗ್ಗೆ ಪೇಪರಿನವರು ಪ್ರತಿ ವರ್ಷ ಬರೆಯುತ್ತಾರೆ. ಆಗುಂಬೆಯವರು ಅದನ್ನು ಓದಿ ಕೊಡೆ ತಗೊಂಡು ಹೊರಗೆ ಹೋಗಬೇಕು. ನಮಗೆ ಒದಗುವುದು ಡಿಸೆಂಬರ್ 13, 14ರ ಜೆಮಿನಿಡ್ ಉಲ್ಕೆಗಳು. ಆಗ ಗಾಳಿ ಒಣಗಿರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಕಣಿವೆಯ ಕೆಳಗೆ ಬೆಳಗಿನ ಜಾವ ಮಂಜು ಕೂರುತ್ತದೆ, ಹಾಗಾಗಿ ಗುಡ್ಡದ ಮೇಲಿನವರಿಗೆ ಅದೃಷ್ಟ ಜಾಸ್ತಿ.

ಮಳೆ ಅಂದಾಗ ನೆನಪಾಯಿತು. 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ' ಅಂತ ನಾವೆಲ್ಲ ಕೇಳಿ ಬೆಳೆದವರು. ಆದರೆ ಆ ಆರಿದ್ರಾ ಚುಕ್ಕಿಯನ್ನು ನೋಡಿದವರು ಎಷ್ಟು ಜನ? ಜೂನ್ ಕೊನೆಯಲ್ಲಿ ಸೂರ್ಯ ಆ ನಕ್ಷತ್ರದ ಕಡೆ ಇರುತ್ತಾನೆ, ಅದಕ್ಕೇ ಆ ಮಳೆಗೆ ಆ ಹೆಸರು. ಹಾಗಾಗಿ ಆರಿದ್ರಾ ಮಳೆ ಸುರಿಯುವಾಗ ಮೋಡ ಇಲ್ಲದಿದ್ದರೂ ಆ ಚುಕ್ಕಿ ಕಾಣುವುದಿಲ್ಲ. ಅದು ಸಿಗುವುದು ಜನವರಿಯಲ್ಲಿ, ರಾತ್ರಿ ಊಟದ ಹೊತ್ತಿಗೆ, ಮೂರು ಚುಕ್ಕಿಯ ಸಾಲಿನ ಪಕ್ಕದಲ್ಲಿ ಕೆಂಪಗೆ. ಪಕ್ಕದಲ್ಲೇ ಮೃಗಶಿರ, ಸ್ವಲ್ಪ ಮೇಲೆ ರೋಹಿಣಿ, ಅದರಾಚೆ ಕೃತ್ತಿಕೆ. ಮಳೆಗಾಲದ ಪಂಚಾಂಗ ಪೂರ್ತಿ ಚಳಿಗಾಲದ ಆಕಾಶದಲ್ಲಿ ಸಾಲಾಗಿ ನಿಂತಿರುತ್ತದೆ. ವಯಸ್ಸಾದ ಕೃಷಿಕರಿಗೆ ಇದನ್ನು ತೋರಿಸಿದಾಗ ಅವರ ಮುಖ ನೋಡಬೇಕು.

ಮೇ ಮೊದಲ ಭಾಗದಲ್ಲಿ, ಗುಡುಗಿನ ಮೋಡ ಇಲ್ಲದ ದಿನ, ರಾತ್ರಿ 9ರಿಂದ 10ರೊಳಗೆ ನೇರ ದಕ್ಷಿಣಕ್ಕೆ ನೋಡಿ. ಕೆಳಗೆ ತ್ರಿಶಂಕು ಅನ್ನುವ ಚುಕ್ಕಿಗಳ ಗುಂಪು. ದೆಹಲಿಯವರಿಗೆ ಇದು ಚೆನ್ನಾಗಿ ಸಿಗುವುದಿಲ್ಲ. ನಮ್ಮಲ್ಲಿ ಗುಡ್ಡ ಅಡ್ಡ ಬಾರದಿದ್ದರೆ ಸಿಗುತ್ತದೆ.

ಮಿಂಚುಹುಳ ಕಡಿಮೆಯಾಗಿದ್ದಕ್ಕೂ ದೀಪಕ್ಕೂ ಸಂಬಂಧ ಇದೆಯಾ?

ಇದೆ. ದೀಪ ಒಂದೇ ಕಾರಣ ಅಂತ ಹೇಳಲಾರೆ. ಔಷಧಿ ಹೊಡೆಯುವುದು, ಹಳ್ಳದ ಅಂಚು ಸವರುವುದು, ದರಗೆಲೆ ಗುಡಿಸುವುದು ಎಲ್ಲ ಸೇರಿದೆ. ಅದರ ಮರಿಹುಳಗಳು ನೆಲದ ತೇವದಲ್ಲಿ ಬಸವನಹುಳುವಿನಂಥವನ್ನು ತಿಂದು ಬೆಳೆಯುತ್ತವೆ. ನೆಲ ಒಣಗಿದರೆ ಅವೂ ಇಲ್ಲ.

ಆದರೆ ದೀಪದ ಏಟು ನೇರ. ಮಿಂಚುಹುಳಕ್ಕೆ ಬೆಳಕೇ ಮಾತು. ಗಂಡು ಹಾರುತ್ತಾ ಮಿನುಗುತ್ತದೆ, ಗಿಡದ ಮೇಲೆ ಕೂತ ಹೆಣ್ಣು ನೋಡಿ ತಿರುಗಿ ಮಿನುಗುತ್ತದೆ. ಬಲಿತ ಹುಳದ ಆಯುಷ್ಯ ಕೆಲವೇ ವಾರ. ಅಷ್ಟರೊಳಗೆ ಜೋಡಿ ಸಿಗಬೇಕು. ಫೋಕಸ್ ಲೈಟಿನಡಿ ಅದು ಮಿನುಗುವುದು ಜಾತ್ರೆಯ ಮೈಕಿನ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ.

ಮೇ ಕೊನೆ, ಜೂನ್ ಮೊದಲ ವಾರ, ಮುಂಗಾರಿನ ಮುಂಚಿನ ಹನಿ ಬಿದ್ದ ಮೇಲೆ ಪಶ್ಚಿಮ ಘಟ್ಟದ ಕೆಲವು ಕಡೆ ಇಡೀ ಮರ ಒಂದೇ ತಾಳಕ್ಕೆ ಹೊತ್ತಿ ಆರುತ್ತದೆ. ನೋಡಲು ಹೋಗುವವರು ಮೊಬೈಲ್ ಟಾರ್ಚ್ ಹಾಕಬೇಡಿ. ಫ್ಲಾಶ್ ಅಂತೂ ಬೇಡವೇ ಬೇಡ. ಕಾರಿನ ದೀಪ ಆರಿಸಿ, ದಾರಿಯಲ್ಲೇ ನಿಲ್ಲಿ, ಹುಲ್ಲಿನೊಳಗೆ ಕಾಲಿಡಬೇಡಿ. ಹೆಣ್ಣು ಹುಳಗಳು ಅಲ್ಲೇ ಕೂತಿರುತ್ತವೆ.

ಫೋಕಸ್ ಲೈಟ್ ಹಾಕಿದ ಆ ವರ್ಷ ನಮ್ಮ ಹಳ್ಳದ ಅಂಚಲ್ಲಿ ಮಿಂಚುಹುಳ ಕಾಣಲಿಲ್ಲ. ಇದ್ದವೋ ಇರಲಿಲ್ಲವೋ, ಆ ಬೆಳಕಲ್ಲಿ ನಮಗೂ ಕಾಣುತ್ತಿರಲಿಲ್ಲ.

ಬೇರೆ ಪ್ರಾಣಿಗಳಿಗೆ?

ಹಾತೆಗಳು ದೀಪಕ್ಕೆ ಮೋಹಗೊಂಡು ಬರುತ್ತವೆ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ಹೇಳಿತು. ಹಾರುವ ಹುಳ ಬೆಳಕಿನ ಕಡೆಗೆ ಬೆನ್ನು ಮಾಡುತ್ತದೆ. ಲಕ್ಷಾಂತರ ವರ್ಷ ರಾತ್ರಿಯಲ್ಲಿ ಬೆಳಕು ಬರುತ್ತಿದ್ದುದು ಮೇಲಿನಿಂದ, ಆಕಾಶದಿಂದ. ಬಲ್ಬ್ ಪಕ್ಕದಲ್ಲಿದ್ದರೆ ಬೆನ್ನು ಅತ್ತ ತಿರುಗುತ್ತದೆ, ಹಾರಾಟ ವಾಲುತ್ತದೆ, ಸುತ್ತಿ ಸುತ್ತಿ ಅಲ್ಲೇ ಸಾಯುತ್ತದೆ. ಸಗಣಿ ಹುಳ ಆಕಾಶಗಂಗೆಯ ಪಟ್ಟಿ ನೋಡಿ ಉಂಡೆಯನ್ನು ನೇರ ದಾರಿಯಲ್ಲಿ ಉರುಳಿಸುತ್ತದೆ ಅಂತ 2013ರಲ್ಲಿ ತೋರಿಸಿದ್ದಾರೆ. ರಾತ್ರಿ ಹಾರುವ ವಲಸೆ ಹಕ್ಕಿಗಳು ದಾರಿ ತಪ್ಪುತ್ತವೆ. ಕೆಲವು ಬಾವಲಿಗಳು ಬೆಳಗಿದ ರಸ್ತೆ ದಾಟುವುದಿಲ್ಲ. ಕಾಡುಪಾಪದ ಅಷ್ಟಗಲ ಕಣ್ಣು ಇರುವುದೇ ಕತ್ತಲಿಗೆ.

ಹುಣ್ಣಿಮೆ ಬೆಳದಿಂಗಳು ಸುಮಾರು 0.1ರಿಂದ 0.3 ಲಕ್ಸ್ (ಬೀಳುವ ಬೆಳಕನ್ನು ಅಳೆಯುವ ಮಾನ). ಬೀದಿದೀಪದ ಬುಡದಲ್ಲಿ ಅದರ ಹತ್ತಾರು ಪಟ್ಟು. ಕಾಡಿಗೆ ಗೊತ್ತಿರುವ ಅತಿ ದೊಡ್ಡ ರಾತ್ರಿ ಬೆಳಕು ಹುಣ್ಣಿಮೆ. ಅದೂ ತಿಂಗಳಿಗೊಮ್ಮೆ.

ಯಾವ ಬಲ್ಬ್ ತರಬೇಕು?

ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ, ಬೆಳಕಿನ ಬಣ್ಣದ ಅಳತೆ. ಅಂಗಡಿಯವರು ಕೇಳದೆಯೇ ಕೊಡುವುದು 6500. ಬಿಳಿ ಅಂದರೆ ಬಿಳಿ, ನೀಲಿ ಜಾಸ್ತಿ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಹಗಲಲ್ಲಿ ಆಕಾಶ ನೀಲಿಯಾಗಿ ಕಾಣಲು ಇದೇ ಕಾರಣ, ರಾತ್ರಿ ಆಕಾಶ ಬೆಳ್ಳಗಾಗಲೂ ಇದೇ ಕಾರಣ. ಹುಳಗಳನ್ನು ಹೆಚ್ಚು ಎಳೆಯುವುದೂ ಅದೇ. ನಮ್ಮ ನಿದ್ದೆ ತರುವ ಮೆಲಟೊನಿನ್ ತಗ್ಗಿಸುವುದರಲ್ಲೂ ಅದರದ್ದೇ ದೊಡ್ಡ ಕೈ. ಹೊರಗಿನ ದೀಪಕ್ಕೆ 3000 ಅಥವಾ ಅದಕ್ಕಿಂತ ಕಡಿಮೆ ಕೇಳಿ, 2700 ಸಿಕ್ಕರೆ ಇನ್ನೂ ಒಳ್ಳೆಯದು. 'ವಾರ್ಮ್ ವೈಟ್' ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ವಾಟ್ ಕೂಡ ಇಳಿಸಿ. ಬಾಗಿಲ ಮುಂದಿನ ಮೆಟ್ಟಿಲಿಗೆ 5 ವಾಟಿನ ಎಲ್‌ಇಡಿ ಧಾರಾಳ.

ಇರೋ ದೀಪಕ್ಕೇ ಏನಾದ್ರೂ ಮಾಡಬಹುದಾ?

ಮೊದಲು ಬಗ್ಗಿಸಿ. ಫೋಕಸ್ ಲೈಟಿನ ಗಾಜು ಪೂರ್ತಿ ನೆಲ ನೋಡುವ ಹಾಗೆ ಸ್ಕ್ರೂ ಸಡಿಲ ಮಾಡಿ ತಿರುಗಿಸಿ. ಖರ್ಚು ಸೊನ್ನೆ. ಸ್ಪ್ಯಾನರ್ ಹುಡುಕುವ ಹೊತ್ತು ಮಾತ್ರ.

ಹೋಲ್ಡರಿನ ಬಲ್ಬಿಗೆ ಟೋಪಿ ಬೇಕು. ನಾನು ಜಾಣತನ ಮಾಡಲು ಹೋಗಿ ಅಡಿಕೆ ಹಾಳೆಯದ್ದೇ ಟೋಪಿ ಮಾಡಿದೆ. ನೋಡಲು ಬಹಳ ಚೆಂದವಿತ್ತು, ಬಂದವರೆಲ್ಲ ಫೋಟೊ ತೆಗೆದರು. ಜುಲೈ ಹೊತ್ತಿಗೆ ಬೂಷ್ಟು ಹಿಡಿದು ಮೆತ್ತಗಾಗಿ, ಒಂದು ರಾತ್ರಿ ಅತ್ತೆಯ ತಲೆ ಮೇಲೆ ಬಿತ್ತು. ಈಗ ತಗಡಿನದ್ದು. ಹಳೆ ಡಬ್ಬಿ ಕತ್ತರಿಸಿ ಒಳಗೆ ಬಿಳಿ ಬಣ್ಣ ಬಳಿದರೆ ನೆಲಕ್ಕೆ ಬೀಳುವ ಬೆಳಕೂ ಹೆಚ್ಚುತ್ತದೆ. ನಿಂತು ನೋಡಿದಾಗ ಬಲ್ಬ್ ನಿಮ್ಮ ಕಣ್ಣಿಗೆ ಕಾಣಬಾರದು, ಅದು ಬೆಳಗಿಸಿದ ನೆಲ ಮಾತ್ರ ಕಾಣಬೇಕು. ಪರೀಕ್ಷೆ ಅಷ್ಟೇ.

ಕಾಡುಹಂದಿ, ಚಿರತೆ, ಕಳ್ಳರು. ಇವಕ್ಕೆಲ್ಲ ಏನು ಮಾಡೋಣ, ಕತ್ತಲಲ್ಲಿ ಕೂತು ಚುಕ್ಕಿ ಎಣಿಸೋಣವಾ?

ಈ ಪ್ರಶ್ನೆ ಕೇಳಿದವರ ಕೋಪ ನನಗೆ ಅರ್ಥವಾಗುತ್ತದೆ. ಒಂದೇ ರಾತ್ರಿಯಲ್ಲಿ ಹಂದಿ ಗದ್ದೆ ಉತ್ತು ಹಾಕಿದ್ದನ್ನು ನೋಡಿದವರಿಗೆ ಆಕಾಶಗಂಗೆಯ ಕತೆ ಹೇಳಬಾರದು.

ಆದರೆ ಇಡೀ ರಾತ್ರಿ ಒಂದೇ ಸಮ ಉರಿಯುವ ದೀಪಕ್ಕೆ ಹಂದಿ ಒಗ್ಗಿಹೋಗುತ್ತದೆ. ಮೊದಲ ವಾರ ಹಿಂಜರಿಯುತ್ತದೆ, ಆಮೇಲೆ ಅದೇ ಬೆಳಕಲ್ಲಿ ಗೆಣಸು ಕಿತ್ತು ತಿನ್ನುತ್ತದೆ. ನಮ್ಮ ತೋಟದಲ್ಲಿ ಆದದ್ದು ಇದೇ. ಸೆನ್ಸರ್ ದೀಪ, ಅಂದರೆ ಏನಾದರೂ ಅಲುಗಾಡಿದಾಗ ಫಕ್ಕನೆ ಹೊತ್ತಿಕೊಳ್ಳುವಂಥದ್ದು, ಹಂದಿಯನ್ನೂ ಬೆಚ್ಚಿಸುತ್ತದೆ, ನಮ್ಮನ್ನೂ ಎಬ್ಬಿಸುತ್ತದೆ. ಕಳ್ಳನ ವಿಷಯದಲ್ಲೂ ಅಷ್ಟೇ. ಸದಾ ಉರಿಯುವ ದೀಪವನ್ನು ಯಾರೂ ತಿರುಗಿ ನೋಡುವುದಿಲ್ಲ. ಆರಿದ್ದ ದೀಪ ಹೊತ್ತಿದರೆ ನಾಯಿ ಬೊಗಳುವ ಮೊದಲೇ ಎದುರು ಮನೆಯವರಿಗೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಕಣ್ಣಿಗೆ ಹೊಡೆಯುವ ದೀಪದ ಹಿಂದೆ ಕಡುಗತ್ತಲು. ಪ್ರಖರ ಫೋಕಸ್ ಲೈಟ್ ಎದುರಿಗಿದ್ದಾಗ ಅದರ ಪಕ್ಕದ ಹಲಸಿನ ಮರದ ಮರೆಯಲ್ಲಿ ಯಾರು ನಿಂತಿದ್ದಾರೆ ಅಂತ ಕಾಣುವುದೇ ಇಲ್ಲ. ಒಮ್ಮೆ ನಿಂತು ನೋಡಿ.

ಬಸ್‌ಸ್ಟಾಪಿನಿಂದ ಮನೆಗೆ ನಡೆದು ಬರುವ ಹೆಣ್ಣುಮಕ್ಕಳ ದಾರಿಗೆ ದೀಪ ಬೇಕೇ ಬೇಕು. ಅದನ್ನು ಆರಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನೆಲಕ್ಕೆ ಬೀಳುವ ಹಾಗಿರಲಿ, ಕಣ್ಣು ಕುಕ್ಕದಿರಲಿ ಅನ್ನುತ್ತೇನೆ. ಹಾವಿನ ಭಯಕ್ಕೆ ಕೈಯಲ್ಲೊಂದು ಟಾರ್ಚ್ ಯಾವಾಗಲೂ ಇರಲಿ. ಕಂಬದ ದೀಪ ಕಾಲಬುಡದ ಮಂಡಲಹಾವನ್ನು ತೋರಿಸುವ ಭರವಸೆ ಇಲ್ಲ.

ಅಡಿಕೆ ಸುಲಿಯುವಾಗ ರಾತ್ರಿಯೆಲ್ಲ ದೀಪ ಬೇಕಲ್ಲ?

ಬೇಕು. ಕತ್ತಿ ಹಿಡಿದು ಕೂತವರಿಗೆ ಬೆಳಕು ಕಡಿಮೆಯಾದರೆ ಬೆರಳು ಹೋಗುತ್ತದೆ. ಚಪ್ಪರದ ಒಳಗೆ, ತಲೆ ಮೇಲೆ, ತಗ್ಗಿನಲ್ಲಿ ಕಟ್ಟಿ. ಸುಲಿದಾದ ಮೇಲೆ ಆರಿಸಿ.

ಕಾರ್ತಿಕದ ದೀಪ, ಬಯಲಾಟ? ಅದಕ್ಕೂ ತಕರಾರಾ?

ಇಲ್ಲಪ್ಪಾ. ಎಣ್ಣೆ ದೀಪ ಸಾವಿರ ಹಚ್ಚಿದರೂ ಬೆಳಕು ಕೆಂಪು, ಎಣ್ಣೆ ಮುಗಿದ ಕೂಡಲೇ ಆರುತ್ತದೆ. ಕಾರ್ತಿಕ ಅನ್ನುವ ಹೆಸರೇ ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಇರುವುದರಿಂದ ಬಂದದ್ದು. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ಜ್ಯೋತಿ ಹಿಡಿದು ಮನೆಮನೆಗೆ ಬರುವಾಗ ನಮ್ಮ ಅಂಗಳದ ದೀಪ ಆರಿಸಿಯೇ ಕಾಯುತ್ತೇವೆ. ದೂರದ ಏರಿನಲ್ಲಿ ಆ ಒಂದು ದೀಪ ಕಾಣಬೇಕಲ್ಲ. ಬಯಲಾಟ ಒಂದು ರಾತ್ರಿಯದ್ದು. ತೊಂದರೆ ಇರುವುದು ವರ್ಷದ 365 ರಾತ್ರಿ ಉರಿಯುವ ದೀಪದ್ದು.

ಬೆಳೆಗೆ ಏನಾದ್ರೂ ಆಗುತ್ತಾ?

ನಮ್ಮ ಹಳೆಯ ಕೆಲವು ಭತ್ತದ ತಳಿಗಳು ರಾತ್ರಿ ಉದ್ದವಾಗುವುದನ್ನು ನೋಡಿ ತೆನೆ ಬಿಡುತ್ತವೆ. ಬೀದಿದೀಪದ ಕೆಳಗಿನ ಗದ್ದೆಗೆ ರಾತ್ರಿ ಉದ್ದವಾಗುವುದೇ ಇಲ್ಲ. ಉಳಿದದ್ದು ಹೊಂಬಣ್ಣಕ್ಕೆ ತಿರುಗಿದಾಗ ಕಂಬದ ಬುಡದಲ್ಲಿ ಒಂದು ತುಂಡು ಹಸಿರಾಗಿಯೇ ನಿಂತಿರುವುದು ಕಂಡರೆ ಮೇಲೆ ನೋಡಿ.

ಕೀಟ ಹಿಡಿಯುವ ಬೆಳಕಿನ ಬಲೆ ಬೇರೆ ವಿಷಯ. ಹುಳ ಏಳುವ ದಿನಗಳಲ್ಲಿ, ಸಂಜೆ ಕೆಲವು ಗಂಟೆ ಮಾತ್ರ ಇಡುವಂಥದ್ದು. ಇಡೀ ರಾತ್ರಿ ಬಿಟ್ಟರೆ ಬೆಳೆಗೆ ಒಳ್ಳೆಯದು ಮಾಡುವ ಹುಳವೂ ಬಿದ್ದು ಸಾಯುತ್ತದೆ.

ಕಾನೂನು ಇದೆಯಾ? ಪಂಚಾಯಿತಿಗೆ ಏನಂತ ಕೇಳಬೇಕು?

ಬೆಳಕಿನ ಮಾಲಿನ್ಯಕ್ಕೆ ಅಂತಲೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಫ್ರಾನ್ಸಿನಲ್ಲಿ 2018ರ ಕೊನೆಗೆ ಹೊರಾಂಗಣ ದೀಪಗಳಿಗೆ ದೇಶಕ್ಕೆಲ್ಲ ನಿಯಮ ಮಾಡಿದರು. ವಲಸೆ ಪ್ರಾಣಿಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ದೇಶಗಳು 2020ರಲ್ಲಿ ಬೆಳಕಿನ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟದ್ದು ನಮ್ಮದೇ ಗುಜರಾತಿನ ಗಾಂಧಿನಗರದ ಸಭೆಯಲ್ಲಿ.

ಬೀದಿದೀಪ ಗ್ರಾಮ ಪಂಚಾಯಿತಿಯ ಕೆಲಸ. ಗ್ರಾಮಸಭೆಯಲ್ಲಿ 'ಕತ್ತಲು ಬೇಕು' ಅಂತ ಎದ್ದು ನಿಂತರೆ ನಗುತ್ತಾರೆ, ನನ್ನನ್ನು ನೋಡಿಯೂ ನಕ್ಕಿದ್ದಾರೆ. 'ಹಗಲೂ ಉರಿಯುವ ದೀಪಕ್ಕೆ ಟೈಮರ್ ಹಾಕಿ, ಬಿಲ್ ಉಳಿಯುತ್ತದೆ' ಅಂತ ಶುರು ಮಾಡಿ. ಕಿವಿ ಕೊಡುತ್ತಾರೆ. ಆಮೇಲೆ ದೀಪದ ತಲೆ ಓರೆ ಇರುವುದನ್ನು ಮಟ್ಟ ಮಾಡಿಸುವುದು, ಕೆಟ್ಟ ದೀಪ ಬದಲಿಸುವಾಗ 3000 ಕೆಲ್ವಿನ್‌ದು ಹಾಕಿಸುವುದು. ಎತ್ತರದ ಕಂಬದ ಹೈಮಾಸ್ಟ್ ದೀಪದ ವಿಷಯ ಸೂಕ್ಷ್ಮ. ಅನುದಾನ ತಂದವರ ಹೆಸರು ಅದರ ಕಂಬದ ಮೇಲೆ ಇರುತ್ತದೆ. ಎಂಟು ಮನೆಯ ಊರಿಗೆ, ಕಾಡಿನಂಚಿಗೆ ಅದು ಯಾಕೆ ಅಂತ ಕಂಬ ನೆಡುವ ಮೊದಲೇ ಕೇಳಬೇಕು. ನೆಟ್ಟ ಮೇಲೆ ಕೇಳಿ ಪ್ರಯೋಜನ ಇಲ್ಲ.

ಹಾನ್ಲೆಯ ಹಾಗೆ ಇಲ್ಲೂ ಕತ್ತಲ ರಕ್ಷಿತ ಪ್ರದೇಶ ಮಾಡಬಹುದಾ?

ಲಡಾಖಿನ ಹಾನ್ಲೆಯನ್ನು 2022ರ ಡಿಸೆಂಬರಿನಲ್ಲಿ ಘೋಷಿಸಿದರು. ಸುಮಾರು 4500 ಮೀಟರ್ ಎತ್ತರದ ಒಣ ಮರುಭೂಮಿ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಊರವರಿಗೇ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸಲು ಕಲಿಸಿದ್ದಾರೆ. ಕತ್ತಲಿನಿಂದಲೇ ಅವರಿಗೆ ನಾಲ್ಕು ಕಾಸು.

ನಾವು ಹಾನ್ಲೆ ಆಗಲಾರೆವು. ನಮ್ಮ ಮೋಡ ಬಿಡುವುದಿಲ್ಲ. ನಮಗೆ ಹತ್ತಿರದ ಮಾದರಿ ಮಹಾರಾಷ್ಟ್ರದ ಪೆಂಚ್ ಹುಲಿ ರಕ್ಷಿತಾರಣ್ಯ. 2024ರ ಜನವರಿಯಲ್ಲಿ ಅದು ಭಾರತದ ಮೊದಲ ಕತ್ತಲ ಆಕಾಶದ ಉದ್ಯಾನವಾಯಿತು. ಅಲ್ಲಿ ಸುತ್ತಲಿನ ಹಳ್ಳಿಗಳ ನೂರಕ್ಕೂ ಹೆಚ್ಚು ದೀಪಗಳನ್ನು ನೆಲಕ್ಕೆ ಮುಖ ಮಾಡುವಂತೆ ಬದಲಿಸಿದರು. ಅದು ಕಾಡು, ಹಳ್ಳಿ, ಪ್ರವಾಸಿಗರು ಒಟ್ಟಿಗಿರುವ ಜಾಗ. ಶರಾವತಿ ಕಣಿವೆ, ಭದ್ರಾ, ಕೊಡಚಾದ್ರಿಯ ಸೆರಗಿನ ಊರುಗಳಿಗೂ ಅದು ಹೊಂದುತ್ತದೆ ಅಂತ ನನ್ನ ಲೆಕ್ಕ. ಬೋರ್ಡು ಬರಲಿ ಅಂತ ಕಾಯಬೇಕಾಗಿಲ್ಲ. ನದಿ ಕೆಟ್ಟರೆ ತೊಳೆಯಲು ತಲೆಮಾರು ಬೇಕು. ಇಲ್ಲಿ ಸ್ವಿಚ್ ಒತ್ತಿದ ರಾತ್ರಿಯೇ ಆಕಾಶ ವಾಪಸ್.

ಹೋಂಸ್ಟೇ ಇದೆ. ಅತಿಥಿಗಳು ಕತ್ತಲು ಅಂತ ದೂರಿದರೆ?

ಕೋಣೆಯಿಂದ ಊಟದ ಜಾಗಕ್ಕೆ ಹೋಗುವ ದಾರಿಗೆ ಮೊಣಕಾಲೆತ್ತರದ ದೀಪ ಇಡಿ. ಮರಕ್ಕೆ ಸುತ್ತಿದ ಬಣ್ಣದ ಸರ, ಮರದ ಬುಡದಿಂದ ಮೇಲಕ್ಕೆ ಹೊಡೆಯುವ ದೀಪ, ಇವೆರಡನ್ನು ತೆಗೆಯಿರಿ. ಆ ಮರದಲ್ಲಿ ಹಕ್ಕಿ ಮಲಗಿರುತ್ತದೆ. ಪ್ರತಿ ಕೋಣೆಗೆ ಒಂದು ಟಾರ್ಚ್, ಅದರ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಕೆಂಪು ಬೆಳಕಿಗೆ ಕಣ್ಣಿನ ಕತ್ತಲ ಹದ ಅಷ್ಟು ಬೇಗ ಕೆಡುವುದಿಲ್ಲ. ರಾತ್ರಿ ಕಾಡಿನೊಳಗೆ ಕರೆದುಕೊಂಡು ಹೋಗಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದು ಅಪರಾಧ, ಅಂಗಳದಲ್ಲೇ ಎಲ್ಲ ಕಾಣುತ್ತದೆ. ಹಸಿರು ಲೇಸರ್ ಆಡಿಸುವವರಿದ್ದರೆ ತೆಗೆದಿಡಿ. ವಿಮಾನದ ಪೈಲಟ್ ಕಣ್ಣಿಗೆ ಬಿದ್ದರೆ ಅಪಾಯ, ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ.

ನಿಮ್ಮ ಆ ಫೋಕಸ್ ಲೈಟ್ ಏನಾಯ್ತು?

ಕೊಟ್ಟಿಗೆ ಬಾಗಿಲ ಮೇಲೆ, ಮುಖ ಕೆಳಗೆ ಹಾಕಿ ಕೂತಿದೆ. ಎಮ್ಮೆ ಕರು ಹಾಕುವ ರಾತ್ರಿಗಳಲ್ಲಿ ಮಾತ್ರ ಹೊತ್ತುತ್ತದೆ. ಹಳ್ಳದಾಚೆಯವರು ಹೋದ ವರ್ಷ ತಾವೇ ಒಂದು ಫೋಕಸ್ ಲೈಟ್ ತಂದು ನಮ್ಮ ಕಡೆಗೆ ಮುಖ ಮಾಡಿ ಹಾಕಿದರು. ಈ ಸಲ ಫೋನ್ ಮಾಡಿದ್ದು ನಾನು. ಸ್ಪ್ಯಾನರ್ ತಗೊಂಡು ಬಾ ಅಂದಿದ್ದಾರೆ, ಭಾನುವಾರ ಹೋಗಬೇಕು.